ಮುಚ್ಚಳದಲ್ಲಿ ತೂತುಳ್ಳ ಪೆಟ್ಟಿಗೆ

ಪಾಠ: ಎರಡನೆಯ ಅರಸುಗಳು, 12ನೆಯ ಅಧ್ಯಾಯ, 4ರಿಂದ 15ನೆಯ ವಚನಗಳ ತನಕ. ಓದಬಲ್ಲವರು ಮೊದಲು ಈ ಭಾಗವನ್ನು ಮನೆಯವರೆಲ್ಲರಿಗೆ ಕೇಳಿಸುವಂತೆ ಓದಬೇಕು.



ನಾವು ಸೇವೆಮಾಡುತ್ತಿರುವ ಹಳ್ಳಿಯ ದೇವಾಲಯವು ಮುತ್ತಜ್ಜಂದಿರ ಕಾಲದ್ದು. ಅದರ ಗೋಡೆಗಳು ಕಲ್ಲು ಸುಣ್ಣದವು, ತೊಲೆಗಳು ಸಾಗುವಾನಿಯವು. ಮಾಡಿನ ಹಳೆಯ ಹೆಂಚುಗಳಲ್ಲಿ ಒಂದನ್ನು ತೆಗೆದು ತಿರುವಿ ನೋಡಿದರೆ ಬಾಸೆಲ್ ಮಿಶನಿನ ಕಾರ್ಖಾನೆಯ ಮುದ್ರೆಯು ಇಂದಿಗೂ ಕಾಣುವದು. ಈ ಮನೆಯಲ್ಲಿ ನಮ್ಮ ಹಿರಿಯರು ದೀಕ್ಷಾಸ್ನಾನ ಹೊಂದಿದರು, ಇಲ್ಲಿಯೇ ಮದುವೆಯಾದರು, ಇಲ್ಲಿಂದಲೇ ಅವರನ್ನು ಹೊತ್ತುಕೊಂಡು ಹೋಗಿ ಮಣ್ಣು ಕೊಟ್ಟೆವು. ಇಂಥ ಆಲಯವು ನಿಮ್ಮ ಊರಲ್ಲಿಯೂ ಇದ್ದೀತು. ಇದ್ದರೆ ನಾವು ಮುಂದೆ ಹೇಳುವ ಮಾತು ನಿಮಗೂ ಸಲ್ಲುವದು.

ಒಂದೇ ಮನೆಯಲ್ಲಿ ಎಲ್ಲಾ ಕೆಲಸಗಳನ್ನು ಮಾಡುತ್ತ ಬಂದದರಿಂದ ಆ ಮನೆಗೆ ನೋವಾಗಿದೆ. ಮದುವೆಯ ಚಪ್ಪರದ ಹಗ್ಗಗಳನ್ನು ಅದರ ಕಂಬಗಳಿಗೆ ಕಟ್ಟಿದೆವು. ದೀಪದ ತಂತಿಗಾಗಿ ಹಳೆಯ ತೊಲೆಗಳಿಗೆ ಮೊಳೆ ಹೊಡೆದೆವು. ಗೋಡೆಯ ಮಗ್ಗುಲಲ್ಲಿಯೇ ಒಲೆ ಹೂಡಿ ಸುಣ್ಣವನ್ನು ಕಪ್ಪುಮಾಡಿದೆವು. ಭಾನುವಾರದ ಶಾಲೆಯ ಮಕ್ಕಳು ಹುಣಸೇಮರದ ಕೆಳಗೆ ಕೂಡ್ರುವರು. ಮಳೆ ಬಂದ ದಿನ ಅವರಿಗೆ ಪಾಠವಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಸಹೋದರನೊಬ್ಬನು ನಿದ್ರೆಹೋದಾಗ, ಅವನ ಹೊಲದ ಮಗ್ಗುಲಿನವರೂ ಕೂಲಿಯ ಜೊತೆಗಾರರೂ ಬಹು ಮಂದಿ ಬಂದರು. ಅವರು ನಮ್ಮ ಮತದವರಲ್ಲ, ದೇವಾಲಯದೊಳಗೆ ಕಾಲಿಡುವದಕ್ಕೆ ಸಂಕೋಚಪಟ್ಟು ಹೊರಗೆಯೇ ನಿಂತರು. ಆರಾಧನೆ ಮುಗಿಯುವ ತನಕ ಮಳೆಯಲ್ಲಿ ನೆನೆದರು. ನಮ್ಮ ದುಃಖದಲ್ಲಿ ಪಾಲುಗಾರರಾಗಲು ಬಂದವರಿಗೆ ನಿಲ್ಲುವಷ್ಟು ನೆರಳನ್ನು ನಾವು ಕೊಡಲಾರದೆ ಹೋದೆವು.

ಆದದರಿಂದ ದೇವಾಲಯದ ಮಗ್ಗುಲಿನ ಬಯಲಲ್ಲಿ ಒಂದು ಸಮುದಾಯ ಭವನವನ್ನು ಕಟ್ಟಬೇಕೆಂದು ಸಭೆಯು ನಿಶ್ಚಯಿಸಿತು. ಮಕ್ಕಳಿಗೆ ಪಾಠಶಾಲೆ, ಸ್ತ್ರೀಯರಿಗೆ ಕೂಟದ ಮನೆ, ಮದುವೆಯವರಿಗೆ ಊಟದ ಮನೆ, ದುಃಖಪಡುವವರಿಗೆ ನೆರಳು, ಕೂಸುಗಳಿಗೆ ಲಸಿಕೆ ಹಾಕಲು ಬರುವ ದಾದಿಗೆ ಒಂದು ಮೇಜು ಇಡುವ ಸ್ಥಳ, ಇವಿಷ್ಟೇ ನಮ್ಮ ಆಶೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಬರಲಿಲ್ಲ. ಆದರೆ ದ್ರವ್ಯವು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದ್ದ ಕೂಡಲೆ ಎಲ್ಲರ ತಲೆಗಳೂ ತಗ್ಗಿದವು.

ಒಬ್ಬ ಹಿರಿಯರು, “ನಮ್ಮ ಹಿರಿಯರಿಗೆ ದೊರೆಗಳು ಕಟ್ಟಿಸಿಕೊಟ್ಟರು, ನಾವೂ ಸಮುದ್ರದಾಚೆಗೆ ಒಂದು ಪತ್ರ ಬರೆಯೋಣ” ಅಂದರು. ಪ್ರಿಯರೇ, ಈ ಮಾತನ್ನು ನಾವು ತುಚ್ಛಮಾಡುವದಿಲ್ಲ. 1834ನೆಯ ವರುಷದಲ್ಲಿ ಬಾಸೆಲಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಅವರ ಸೇವೆಯು ನಮ್ಮ ಬಯಲುಸೀಮೆಗೂ ಮುಟ್ಟಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹುಟ್ಟಿತು. ಅನ್ನಕ್ಕೆ ದಾರಿಯಿಲ್ಲದ ವಿಶ್ವಾಸಿಗಳಿಗೆ ಕೆಲಸ ಸಿಕ್ಕಿತು, ನಾಡಿನ ಮನೆಗಳಿಗೆ ಮಾಡು ಸಿಕ್ಕಿತು. ಅವರು ಬಿತ್ತಿದ್ದನ್ನು ನಾವು ಉಂಡಿದ್ದೇವೆ. ಆ ಉಪಕಾರವನ್ನು ಮರೆಯುವವನು ದೇವರ ಉಪಕಾರವನ್ನೂ ಮರೆತಾನು.

ಆದರೆ ಅದೇ ಚರಿತ್ರೆಯಲ್ಲಿ ಇನ್ನೊಂದು ಭಾಗವೂ ಉಂಟು. 1914ರಲ್ಲಿ ಮಹಾಯುದ್ಧವು ಹುಟ್ಟಿದಾಗ ಜರ್ಮನ್ ದೇಶದ ಮಿಶನರಿಗಳು ಶಿಬಿರಗಳಲ್ಲಿ ಇಡಲ್ಪಟ್ಟು, ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ನೇಯಿಗೆಯ ಮತ್ತು ಹೆಂಚಿನ ಕಾರ್ಖಾನೆಗಳು ಮಿಶನಿನ ಕೈತಪ್ಪಿ ಹೋದವು. ಅಪ್ಪನನ್ನು ಕಳಕೊಂಡ ಮಕ್ಕಳ ಹಾಗೆ ಸಭೆಗಳು ನಿಂತವು. ಆದಾಗ್ಯೂ ಅವು ಸಾಯಲಿಲ್ಲ. ಉಪದೇಶಿಗಳೂ ಹಿರಿಯರೂ ಗಂಟೆ ಬಾರಿಸುವದನ್ನು ಬಿಡಲಿಲ್ಲ, ಹೆಂಗಸರು ಕಾಣಿಕೆ ತರುವದನ್ನು ಬಿಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಒಂದಾಗಿ ಸ್ಥಾಪಿತವಾದಾಗ, ನಮ್ಮ ದೇಶದ ಸಭೆಯು ಸ್ವಂತ ಕಾಲುಗಳ ಮೇಲೆ ನಿಲ್ಲುವದೆಂಬ ಮಾತು ಲೋಕಕ್ಕೆಲ್ಲ ತಿಳಿಯಿತು. ಇಂದು ಸರಕಾರದ ಕಾನೂನೂ ಇದನ್ನೇ ನೆನಪಿಗೆ ತರುತ್ತದೆ. ವಿದೇಶದ ಕಾಣಿಕೆಗಳ ವಿಷಯವಾದ 2010ರ ಕಾಯಿದೆಯಂತೆ, ನೋಂದಣಿಯನ್ನಾಗಲಿ ಮುಂಚಿತವಾದ ಅನುಮತಿಯನ್ನಾಗಲಿ ಪಡೆಯದ ಸಂಸ್ಥೆಯು ಹೊರದೇಶದ ಹಣವನ್ನು ತಕ್ಕೊಳ್ಳಕೂಡದು. 2020ರ ತಿದ್ದುಪಡಿಯಾದ ಮೇಲೆ, ಹಾಗೆ ಪಡೆದವರು ಅದನ್ನು ಮತ್ತೊಬ್ಬರಿಗೆ ದಾಟಿಸಲೂ ಕೂಡದು. ಹಳ್ಳಿಯ ಒಂದು ಸಣ್ಣ ಸಭೆಯು ಸಮುದ್ರದಾಚೆಗೆ ಕೈಚಾಚುವ ಕಾಲವು ಮುಗಿಯಿತು. ಹಳೆಯ ಮನೆಯು ನಮಗೆ ಕೊಡಲ್ಪಟ್ಟಿತು. ಹೊಸ ಮನೆಯನ್ನು ನಾವೇ ಕೊಡಬೇಕಾಗಿದೆ.

ಹೀಗೆ ನಾವು ಹೇಳಿದಾಗ ಸಭೆಯವರು ಆಮೆನ್ ಅನ್ನುವರೆಂದು ಎಣಿಸಿದೆವು. ಆದರೆ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ವಿಧವೆಯು ಸೆರಗನ್ನು ಸರಿಮಾಡಿಕೊಂಡು ಎದ್ದು ನಿಂತು, “ಉಪದೇಶಿ ಅವರ, ಹೊಸಾ ಕಟ್ಟಡದ ಮಾತು ಆಮ್ಯಾಲೆ ಆಗಲಿ, ನನ್ನ ಕೋಳಿ ರೊಕ್ಕ ಏನಾತ್ರಿ?” ಎಂದು ಕೇಳಿದಳು.

ಈ ಪ್ರಶ್ನೆಯ ಅರ್ಥವನ್ನು ಹೇಳುವದು ನಮಗೆ ನಾಚಿಕೆಯ ಕೆಲಸ, ಆದರೂ ಹೇಳುತ್ತೇವೆ. ಎರಡು ವರುಷಗಳ ಹಿಂದೆ ಸುಗ್ಗಿಯ ಸ್ತೋತ್ರಹಬ್ಬದಲ್ಲಿ, ದೇವಾಲಯದ ಮಾಡನ್ನು ಸರಿಮಾಡುವದಕ್ಕೋಸ್ಕರ ಕಾಣಿಕೆಗಳನ್ನು ಹರಾಜುಮಾಡಿದೆವು. ಆ ತಾಯಿಯು ತನಗಿದ್ದ ಮೊಟ್ಟೆಯಿಡುವ ಕೋಳಿಯನ್ನು ತಂದಿದ್ದಳು. ಬಂದ ದ್ರವ್ಯವು ಉಪದೇಶಿಯಾದ ನಮ್ಮ ಕೈಯಲ್ಲಿತ್ತು. ಮಳೆ ಹತ್ತಿರ ಬಂದದರಿಂದ ಮಾಡಿನ ಕೆಲಸವು ನಿಂತಿತು. ಆ ನಡುವೆ ಒಂದು ರಾತ್ರಿ ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಹೆರಿಗೆಯಲ್ಲಿ ಕಷ್ಟಪಟ್ಟಾಗ, ತಾಲೂಕಿನ ಊರಿಗೆ ಒಯ್ಯುವ ಗಾಡಿಯ ಬಾಡಿಗೆಯನ್ನು ಆ ಹಣದಿಂದಲೇ ಕೊಟ್ಟೆವು. ಗಂಟೆಯ ಹಗ್ಗ ಕಡಿದಾಗ ಹೊಸ ಹಗ್ಗವನ್ನು ಅದರಿಂದಲೇ ತಂದೆವು. ಬೇರೆ ಒಂದೆರಡು ಸಾರಿಯೂ ಕೈಹಾಕಿದೆವು. ಒಂದು ಕಾಸನ್ನೂ ನಮ್ಮ ಮನೆಗೆಂದು ತಕ್ಕೊಳ್ಳಲಿಲ್ಲ. ಆದರೆ ಒಂದನ್ನೂ ಬರೆದಿಡಲಿಲ್ಲ. ನಾಳೆ ಬರೆಯೋಣವೆಂದೆವು; ಆ ನಾಳೆಯು ಬರಲೇ ಇಲ್ಲ.

ಆ ತಾಯಿಯ ಮಾತನ್ನು ಕೇಳಿದಾಗ ಮೊದಲು ನಮ್ಮಲ್ಲಿ ಹುಟ್ಟಿದ್ದು ಸಿಟ್ಟು. “ಅವ್ವಾ, ನಮ್ಮ ಮೇಲೆ ಸಂಶಯವೋ?” ಎಂದು ಗಟ್ಟಿಯಾಗಿಯೇ ಕೇಳಿದೆವು. ಆಕೆಯು, “ಸಂಶಯ ಅಲ್ರಿ. ಕೊಟ್ಟಾಕಿ ನಾನು, ಕೇಳಬಾರದೇನ್ರಿ?” ಎಂದು ಹೇಳಿ ಕೂತುಕೊಂಡಳು. ಕೂಟವು ಪ್ರಾರ್ಥನೆಯಿಲ್ಲದೆ ಮುರಿಯಿತು. ಆ ರಾತ್ರಿ ನಿದ್ರೆ ಬಾರದೆ ಸತ್ಯವೇದವನ್ನು ತೆರೆದಾಗ, ಸೆಮಿನರಿಯಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಈ ಅಧ್ಯಾಯವು ನಮ್ಮೆದುರಿಗೆ ಬಂದಿತು. ಅದರ ಮುಂದೆ ನಾವು ಮೊಣಕಾಲೂರಿದೆವು.

ಅಧ್ಯಾಯದ ಸಂಗತಿ ಹೀಗಿದೆ. ಸೊಲೊಮೋನನು ಕಟ್ಟಿಸಿದ ಆಲಯವು ಹಳೆಯದಾಗಿ ಅಲ್ಲಲ್ಲಿ ಬಿರುಕುಬಿಟ್ಟಿತ್ತು. ಅರಸನಾದ ಯೋವಾಷನು ಯಾಜಕರಿಗೆ, ಜನರು ತರುವ ಹಣದಿಂದ ಅದನ್ನು ಸರಿಮಾಡಿರಿ ಎಂದು ಅಪ್ಪಣೆಕೊಟ್ಟನು. ಹಣ ಬಂದಿತು, ವರುಷಗಳು ಹೋದವು; ಅರಸನ ಆಳಿಕೆಯ 23ನೆಯ ವರುಷದಲ್ಲಿ ನೋಡಿದರೆ ಬಿರುಕುಗಳು ಹಾಗೆಯೇ ಇದ್ದವು. ಆ ಯಾಜಕರು ಕಳ್ಳರಾಗಿದ್ದರೆಂದು ವಾಕ್ಯವು ಹೇಳುವದಿಲ್ಲ. ಅವರು ಹಣ ಪಡೆದರು, ಕೆಲಸ ಮಾಡಲಿಲ್ಲ, ಇಷ್ಟೇ ಬರೆದದೆ. ಪ್ರಿಯರೇ, ಈ ಇಷ್ಟೇ ಎಂಬದು ನಮ್ಮನ್ನು ಚುಚ್ಚಿತು. ಆಗ ಮಹಾಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆಯನ್ನು ತಂದು, ಅದರ ಮುಚ್ಚಳದಲ್ಲಿ ತೂತುಮಾಡಿ, ಯಜ್ಞವೇದಿಯ ಮಗ್ಗುಲಲ್ಲಿ ಇಟ್ಟನು. ಅಂದಿನಿಂದ ಆಲಯವು ಏಳಲಾರಂಭಿಸಿತು. ಈ ಪೆಟ್ಟಿಗೆಯಿಂದ ನಾವು ನಾಲ್ಕು ಪಾಠಗಳನ್ನು ಕಲಿಯೋಣ.

ಮೊದಲನೆಯದು, ಪೆಟ್ಟಿಗೆಯು ಎಲ್ಲಿ ಇತ್ತೆಂದು ನೋಡಿರಿ. ಅರಮನೆಯ ಬಾಗಲಲ್ಲಿ ಅಲ್ಲ, ಸಂತೆಯಲ್ಲಿ ಅಲ್ಲ, ಯಜ್ಞವೇದಿಯ ಬಲಗಡೆಯಲ್ಲಿತ್ತು. ದೇವರ ಮನೆಯ ಕಾಣಿಕೆಯು ತೆರಿಗೆಯಲ್ಲ, ವಂತಿಗೆಯೂ ಅಲ್ಲ. ಆರಾಧನೆಯ ಒಂದು ಭಾಗವಾಗಿದೆ. ಪ್ರಾರ್ಥಿಸಿದ ಕೈಯೇ ಪೆಟ್ಟಿಗೆಗೆ ನೀಡಲ್ಪಡಬೇಕು. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದು ಶಕ್ತಿಯನ್ನು ಮೀರಿ ಕೊಟ್ಟಾಗ, ಅವರು ಮೊದಲು ತಮ್ಮನ್ನೇ ಕರ್ತನಿಗೆ ಒಪ್ಪಿಸಿಕೊಟ್ಟರೆಂದು ಪೌಲನು ಕೊರಿಂಥದವರಿಗೆ ಬರೆದನು. ತನ್ನನ್ನು ಒಪ್ಪಿಸದವನು ಹಣವನ್ನು ಕೊಟ್ಟರೆ, ಕೊಟ್ಟ ದಿನದಿಂದ ಅದರ ಹಿಂದೆಯೇ ತಿರುಗುವನು, ಕಟ್ಟಡದ ಒಂದೊಂದು ಕಲ್ಲಿಗೂ ತಾನೇ ಯಜಮಾನನೆಂದು ಹೇಳಿಕೊಳ್ಳುವನು.

ಎರಡನೆಯದು, ಮುಚ್ಚಳದಲ್ಲಿದ್ದ ತೂತು. ತೂತಿನೊಳಗೆ ಬಿದ್ದ ಮೇಲೆ ಅರಸನ ಬೆಳ್ಳಿ ಯಾವದು, ಕುರಿಕಾಯುವವನ ಬೆಳ್ಳಿ ಯಾವದು ಎಂದು ಯಾರು ಹೇಳಬಲ್ಲರು? ದೇವರೊಬ್ಬನೇ ಬಲ್ಲನು. ದೇವಾಲಯದ ಬೊಕ್ಕಸಕ್ಕೆದುರಾಗಿ ಕೂತು, ಐಶ್ವರ್ಯವಂತರು ಹಾಕಿದ್ದನ್ನೂ ಬಡ ವಿಧವೆಯು ಹಾಕಿದ ಎರಡು ಕಾಸುಗಳನ್ನೂ ನೋಡಿದ ನಮ್ಮ ಕರ್ತನು ಇಂದಿಗೂ ಅಲ್ಲಿಯೇ ಕೂತಿರುವನು. ಆತನ ಕಣ್ಣು ಸಾಲದೆ ನಮಗೆ ಊರಿನವರ ಕಣ್ಣೂ ಬೇಕೋ?

ಈ ಪಾಠವು ನಮ್ಮಲ್ಲಿ ಬಾಯಿಮಾತಿನಿಂದ ಮುಗಿಯಲಿಲ್ಲ. ನಮ್ಮ ಊರಿನಿಂದ ಹೋಗಿ ಪಟ್ಟಣದಲ್ಲಿ ವ್ಯಾಪಾರದಿಂದ ಸ್ಥಿತಿವಂತರಾದ ಒಬ್ಬರು, ಭವನದ ವೆಚ್ಚದಲ್ಲಿ ಅರ್ಧಕ್ಕೆ ಮೇಲಾದ ಪಾಲನ್ನು ತಾವೊಬ್ಬರೇ ಕೊಡುವದಾಗಿ ಹೇಳಿಕಳುಹಿಸಿದರು. ಬಾಗಲ ಮೇಲೆ ತಮ್ಮ ತಂದೆಯ ಹೆಸರಿನ ಕಲ್ಲನ್ನು ಕೂಡ್ರಿಸಬೇಕು, ತಮ್ಮ ಮನೆತನದ ಮದುವೆಗಳಿಗೆ ಭವನವು ಮೊದಲು ದೊರೆಯಬೇಕು ಎಂಬದೇ ಅವರ ಷರತ್ತು. ತಂದೆಯನ್ನು ಗೌರವಿಸುವ ಮಗನನ್ನು ನಾವು ಹಳಿಯುವದಿಲ್ಲ; ಆ ತಂದೆಯು ಒಳ್ಳೇ ವಿಶ್ವಾಸಿಯೂ ಆಗಿದ್ದರು. ನಿಜ ಹೇಳಬೇಕಾದರೆ, ಉಪದೇಶಿಯಾದ ನಮ್ಮ ಮನಸ್ಸು ಆ ಹಣದ ಕಡೆಗೆ ಓಡಿತು. ನಾಲ್ಕು ವರುಷದ ಕೆಲಸವು ಒಂದೇ ವರುಷದಲ್ಲಿ ಮುಗಿಯುವದಲ್ಲಾ ಅಂದುಕೊಂಡೆವು. ಆದರೆ ಹಿರಿಯರ ಕೂಟದಲ್ಲಿ ಒಬ್ಬ ಯೌವನಸ್ಥನು, “ಹೆಸರಿನ ಕಲ್ಲು ಒಂದು ಬಂದರೆ ಅದರ ಕೆಳಗೆ ನಡೆದು ಹೋಗುವ ಬಡವನು ಇದು ಪರರ ಮನೆ ಅಂದುಕೊಳ್ಳುವನು” ಎಂದು ಹೇಳಿದನು. ಆ ಮಾತಿಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ನಾವು ಆ ಸಹೋದರರಿಗೆ ವಿನಯದಿಂದ, “ನಿಮ್ಮ ಕಾಣಿಕೆಗೆ ಪೆಟ್ಟಿಗೆಯ ತೂತು ತೆರೆದಿದೆ, ಕಲ್ಲಿಗೆ ಮಾತ್ರ ಗೋಡೆಯಲ್ಲಿ ಸ್ಥಳವಿಲ್ಲ” ಎಂದು ಬರೆದೆವು. ಅವರ ಉತ್ತರವು ಇನ್ನೂ ಬಂದಿಲ್ಲ. ಬಾರದೆಯೂ ಹೋದೀತು. ಅವರ ಮೇಲೆ ನಮಗೆ ಕೋಪವಿಲ್ಲ, ಅವರಿಗಾಗಿ ಪ್ರಾರ್ಥಿಸುತ್ತೇವೆ.

ಮೂರನೆಯದು, ಪೆಟ್ಟಿಗೆಯ ಎಣಿಕೆ. ಹಣವು ತುಂಬಿದಾಗ ಮಹಾಯಾಜಕನು ಒಬ್ಬನೇ ಅದನ್ನು ತೆರೆಯಲಿಲ್ಲ. ಅರಸನ ಲೇಖಕನೂ ಅವನೂ ಕೂಡಿ ಬಂದು ಎಣಿಸಿ ಚೀಲಗಳಲ್ಲಿ ಕಟ್ಟಿದರು. ಯೆಹೋಯಾದನು ಸುಳ್ಳುಗಾರನೆಂದೋ? ಹಾಗಲ್ಲ, ನೀತಿವಂತನಾದದರಿಂದಲೇ ಇನ್ನೊಬ್ಬನ ಕಣ್ಣುಗಳನ್ನು ಕರೆದನು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧರ್ಮದ್ರವ್ಯವನ್ನು ಒಯ್ಯುವಾಗ ಅಪೊಸ್ತಲನಾದ ಪೌಲನೂ ಸಭೆಗಳು ನೇಮಿಸಿದ ಸಹೋದರರನ್ನು ತನ್ನ ಸಂಗಡ ಕರೆದುಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಮರ್ಯಾದೆಯಾಗಿ ನಡೆಯಬೇಕೆಂಬದು ಅವನ ಚಿಂತೆಯಾಗಿತ್ತು. ಅಪೊಸ್ತಲನಿಗೆ ಬೇಕಾದ ಸಾಕ್ಷಿಯು ಉಪದೇಶಿಗೆ ಬೇಡವೋ?

ಆದದರಿಂದ ಮುಂದಿನ ಭಾನುವಾರ ಆರಾಧನೆಯ ತರುವಾಯ ನಾವು ಸಭೆಯ ಮುಂದೆ ನಿಂತು, ನೆನಪಿದ್ದ ವೆಚ್ಚವನ್ನೆಲ್ಲಾ ಓದಿಹೇಳಿ, ಲೆಕ್ಕಕ್ಕೆ ಸಿಗದ ಭಾಗವನ್ನು ನಮ್ಮ ಸಂಬಳದಿಂದ ನಾಲ್ಕು ತಿಂಗಳಲ್ಲಿ ತಿರುಗಿ ಕೊಡುವೆವೆಂದು ಹೇಳಿ, ಕ್ಷಮೆ ಬೇಡಿದೆವು. ಹೆರಿಗೆಯ ಗಾಡಿಗೆ ಕೊಟ್ಟದ್ದನ್ನು ಯಾರೂ ತಪ್ಪೆನ್ನಲಿಲ್ಲ. “ಇದನ್ನ ಅವತ್ತೇ ಹೇಳಿದ್ದರೆ ನಾವೂ ಕೂಡಿಸತಿದ್ದೆವಲ್ರಿ” ಎಂದಷ್ಟೇ ಒಬ್ಬರು ಅಂದರು. ಆಗ ನಮಗೆ ತಿಳಿದದ್ದೇನಂದರೆ, ಲೆಕ್ಕವನ್ನು ಬಚ್ಚಿಟ್ಟವನು ಹಣವನ್ನು ಕದಿಯದೆ ಹೋದರೂ ಸಹೋದರರ ಪ್ರೀತಿಯ ಅವಕಾಶವನ್ನು ಕದಿಯುವನು.

ಬಳಿಕ ಬಡಿಗನಿಂದ ಬೇವಿನ ಹಲಗೆಯ ಒಂದು ಪೆಟ್ಟಿಗೆಯನ್ನು ಮಾಡಿಸಿ, ಮುಚ್ಚಳದಲ್ಲಿ ತೂತು ಕೊರೆಸಿ, ಬಲಿಪೀಠದ ಬಲಗಡೆಯಲ್ಲಿ ಇಟ್ಟೆವು. ಅದಕ್ಕೆ ಎರಡು ಬೀಗಗಳುಂಟು. ಒಂದು ಕೀಲಿಕೈ ಸಭಾಹಿರಿಯರೊಬ್ಬರಲ್ಲಿ, ಇನ್ನೊಂದು ಸ್ತ್ರೀಯರ ಕೂಟದವರಲ್ಲಿ. ಉಪದೇಶಿಯ ಕೈಯಲ್ಲಿ ಒಂದೂ ಇಲ್ಲ. ತಿಂಗಳ ಮೊದಲನೆಯ ಭಾನುವಾರ ಎಲ್ಲರ ಮುಂದೆ ಚಾಪೆಯ ಮೇಲೆ ಸುರಿದು ಎಣಿಸುತ್ತಾರೆ; ಬಂದದ್ದನ್ನೂ ಹೋದದ್ದನ್ನೂ ಬಾಗಲ ಬಳಿಯ ಕರೀ ಹಲಗೆಯ ಮೇಲೆ ಬರೆಯುತ್ತಾರೆ. ಹಣವನ್ನು ಬ್ಯಾಂಕಿನಲ್ಲಿ ಇಡುವದಕ್ಕೂ ತೆಗೆಯುವದಕ್ಕೂ ಇಬ್ಬರ ರುಜು ಬೇಕು. ಕೋಳಿಯನ್ನು ಕೊಟ್ಟ ಆ ತಾಯಿಯನ್ನು ಎಣಿಸುವವರಲ್ಲಿ ಒಬ್ಬಳನ್ನಾಗಿ ಸಭೆಯು ಆರಿಸಿತು. ಆಕೆಗೆ ಓದು ಬಾರದು. ಆದರೆ ಸಂತೆಯಲ್ಲಿ ಮೊಟ್ಟೆ ಮಾರಿದ ಬೆರಳುಗಳು ನಾಣ್ಯವನ್ನು ಎಣಿಸುವದರಲ್ಲಿ ತಪ್ಪುವದಿಲ್ಲ.

ನಾಲ್ಕನೆಯದು, ಹಣವು ಹೋದ ದಾರಿ. ಪೆಟ್ಟಿಗೆಯ ಬೆಳ್ಳಿಯು ಬಡಗಿಗಳಿಗೂ ಕಟ್ಟುವವರಿಗೂ ಕಲ್ಲುಕುಟಿಗರಿಗೂ ಮರ ಕಲ್ಲುಗಳಿಗೂ ಹೋಯಿತು. ಬಿರುಕು ತೀರುವ ತನಕ ಅದರಿಂದ ಬೆಳ್ಳಿಯ ಬಟ್ಟಲುಗಳನ್ನಾಗಲಿ ತುತೂರಿಗಳನ್ನಾಗಲಿ ಮಾಡಿಸಲಿಲ್ಲ. ಕೆಲಸದವರು ನಂಬಿಗಸ್ತರಾಗಿದ್ದದರಿಂದ ಅವರಿಂದ ಲೆಕ್ಕ ಕೇಳಲಿಲ್ಲವೆಂದೂ ಬರೆದದೆ. ಎಂಥಾ ಹೊಗಳಿಕೆ! ಅವರ ಹೆಸರುಗಳು ನಮಗೆ ತಿಳಿಯವು, ಅವರ ನಂಬಿಗಸ್ತಿಕೆಯು ಮಾತ್ರ ಲೋಕ ಇರುವ ತನಕ ಓದಲ್ಪಡುವದು. ಈ ಪಾಠದಂತೆ ನಾವು ಹಳೆಯ ಮನೆಯನ್ನು ಮೊದಲು ನೋಡಿದೆವು. ಒಡೆದ ಹೆಂಚುಗಳನ್ನು ಬದಲಾಯಿಸಿ, ಮಾಡಿನ ನೀರು ಗೋಡೆಯ ಬುಡಕ್ಕೆ ಹರಿಯದಂತೆ ಕಾಲುವೆ ತೆಗೆದೆವು. ಕೆಲವರು ಗೋಡೆಗಳಿಗೆ ಸಿಮೆಂಟಿನ ಗಿಲಾವು ಹೊಡೆಸೋಣವೆಂದರು. ಆದರೆ ಹಳೆಯ ಸುಣ್ಣದ ಗೋಡೆಯು ಉಸಿರಾಡುವ ಗೋಡೆ. ಸಿಮೆಂಟು ಬಳಿದರೆ ಒಳಗಿನ ತೇವವು ಹೊರಗೆ ಬಾರದೆ ಗೋಡೆಯನ್ನೇ ತಿನ್ನುವದು. ಆದದರಿಂದ ಸುಣ್ಣದಿಂದಲೇ ಸರಿಮಾಡಿಸಿದೆವು. ಆ ಮೇಲೆ ಸಭಾಪ್ರಾಂತದ ಅಪ್ಪಣೆಯನ್ನೂ ಗ್ರಾಮ ಪಂಚಾಯತಿಯ ಪರವಾನಿಗೆಯನ್ನೂ ಪಡೆದು ಭವನದ ಕೆಲಸಕ್ಕೆ ಕೈಹಚ್ಚಿದೆವು.

ಬಡವರಾದ ನಾವು ಪೆಟ್ಟಿಗೆಗೆ ಏನು ಹಾಕಬಲ್ಲೆವು ಎಂದು ಕೇಳುವವರಿಗೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ನಮ್ಮ ದೇಶದ ಮೂಡಣ ಅಂಚಿನಲ್ಲಿರುವ ಮಿಜೋರಾಮ್ ಎಂಬ ಬೆಟ್ಟದ ನಾಡಿನಲ್ಲಿ, 1910ರಿಂದ ಕ್ರೈಸ್ತ ತಾಯಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ಕರ್ತನಿಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಡುವ ಪದ್ಧತಿಯನ್ನು ಹಿಡಿದರು. ಆ ಅಕ್ಕಿಯನ್ನು ಕೂಡಿಸಿ ಮಾರಿ ಸುವಾರ್ತೆಯ ಸೇವೆಗೆ ಕೊಡುತ್ತಾರೆ. ನೂರು ವರುಷ ದಾಟಿದರೂ ಅದು ನಿಂತಿಲ್ಲ. ನಮ್ಮದು ಜೋಳದ ಸೀಮೆ. ಒಂದು ಹಿಡಿ ಜೋಳವು ಸುಮಾರು 50 ಗ್ರಾಂ ತೂಗಿತೆನ್ನೋಣ. ದಿನಕ್ಕೆ ಒಂದು ಹಿಡಿಯಾದರೆ ತಿಂಗಳಿಗೆ ಒಂದೂವರೆ ಕಿಲೋ. ನಲವತ್ತು ಮನೆಗಳಿದ್ದರೆ ತಿಂಗಳಿಗೆ 60 ಕಿಲೋ; ವರುಷಕ್ಕೆ ಏಳು ಕ್ವಿಂಟಲಿಗೆ ಮೇಲು. ರೊಟ್ಟಿಯ ಬುಟ್ಟಿಯು ಇದರಿಂದ ಬರಿದಾಗದು, ಪೆಟ್ಟಿಗೆಯಾದರೋ ತುಂಬುವದು. ಹೊಲವುಳ್ಳವನು ರಾಶಿಯ ದಿನ ಕಣದಲ್ಲಿಯೇ ಪಾಲು ತೆಗೆಯಲಿ. ಕೂಲಿಯವನು ಒಂದು ದಿನದ ದುಡಿತವನ್ನು ಅಸ್ತಿವಾರಕ್ಕೆ ಕೊಡಲಿ. ಏನೂ ಇಲ್ಲದವನು ಕೆಲಸದವರಿಗೆ ಒಂದು ಕೊಡ ನೀರನ್ನು ಹೊತ್ತು ತರಲಿ. ಅವೆಲ್ಲಾ ಒಂದೇ ತೂತಿನೊಳಗೆ ಬೀಳುವವು.

ಇನ್ನು ಅಸ್ತಿವಾರದ ವಿಷಯವಾಗಿ ಒಂದು ಮಾತು. ನಮ್ಮದು ಎರೆ ಭೂಮಿ. ಅದರ ಗುಣವನ್ನು ನಿಮಗೆ ಹೇಳಬೇಕೋ? ಮಳೆಯ ನೀರು ಕುಡಿದಾಗ ಉಬ್ಬುವದು. ಬೇಸಿಗೆಯ ಬಿಸಿಲಿಗೆ ಕೈತೂರುವಷ್ಟು ಬಿರಿಯುವದು. ಅದರ ಮೇಲೆಯೇ ಕಟ್ಟಿದ ಗೋಡೆಯು ಅದರ ಸಂಗಡ ಏರಿ ಇಳಿದು ಸೀಳಿ ಹೋಗುವದು. ಆದದರಿಂದ ಗೌಂಡಿಯು ದೇವಾಲಯದ ಗೋಡೆಯಿಂದ ದೂರಕ್ಕೆ ಸರಿದು ಗುರುತು ಹಾಕಿ, ಕಪ್ಪು ಮಣ್ಣು ಮುಗಿದು ಗರಸು ಸಿಗುವ ತನಕ ತೋಡಬೇಕೆಂದನು. ಬಹು ಆಳವಾಯಿತು, ವೆಚ್ಚವೂ ಹೆಚ್ಚಾಯಿತು, ಕೆಲವರು ಗುಣುಗುಟ್ಟಿದರು. ಆದರೆ ಬುದ್ಧಿವಂತನು ಆಳವಾಗಿ ಅಗೆದು ಬಂಡೆಯ ಮೇಲೆ ಅಸ್ತಿವಾರ ಹಾಕಿದನೆಂದು ನಮ್ಮ ಕರ್ತನೇ ಲೂಕನ ಸುವಾರ್ತೆಯಲ್ಲಿ ಹೇಳಿರುವನು.

ಆ ಕುಣಿಯ ಅಂಚಿನಲ್ಲಿ ನಿಂತಾಗ ನಾವು ಇದನ್ನು ಯೋಚಿಸಿದೆವು: ನಮ್ಮ ಸಭೆಯೊಳಗೂ ತೋಡಿ ತೆಗೆಯಬೇಕಾದ ಎರೆಮಣ್ಣು ಉಂಟು. ನಮ್ಮ ಹಿರಿಯರು ಬೇರೆ ಬೇರೆ ಕುಲಗಳಿಂದ ಬಂದರು. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯನ್ನೂ ಒಂದೇ ಪಾತ್ರೆಯನ್ನೂ ತಕ್ಕೊಳ್ಳುತ್ತೇವೆ. ಆದರೆ ಮದುವೆಯ ಪಂಕ್ತಿಯಲ್ಲಿ ಯಾರು ಯಾರ ಮಗ್ಗುಲಲ್ಲಿ ಕೂಡ್ರುತ್ತಾರೆ? ಯಾರ ಎಲೆ ಮೂಲೆಗೆ ಹೋಗುತ್ತದೆ? ಕೊರಿಂಥದವರು ಕೂಡಿಬಂದಾಗ, ಇರುವವರು ತಮ್ಮ ಊಟವನ್ನು ತಾವೇ ಉಂಡು ಇಲ್ಲದವರನ್ನು ನಾಚಿಕೆಪಡಿಸಿದ್ದಕ್ಕೆ ಪೌಲನು ಎಷ್ಟು ಕಠಿಣವಾಗಿ ಬರೆದನು! ಹೊಸ ಭವನದಲ್ಲಿ ಎರಡು ಪಂಕ್ತಿಗಳು ಬೀಳುವದಾದರೆ, ಒಳ್ಳೇ ಕಲ್ಲು ಒಳ್ಳೇ ಗಾರೆ ಇದ್ದರೂ ಅದು ಬಿರಿದ ಮನೆಯೇ. ಆದದರಿಂದ ಸಭೆಯು ಒಂದು ನಿಯಮವನ್ನು ಪುಸ್ತಕದಲ್ಲಿ ಬರೆದು ಎಲ್ಲರ ರುಜು ಹೆಬ್ಬೆಟ್ಟುಗಳನ್ನು ಹಾಕಿಸಿತು: ಈ ಮನೆಯಲ್ಲಿ ಒಂದೇ ಪಂಕ್ತಿ; ಊರಿನ ಯಾವ ಮತದವನು ಬಂದರೂ ಅವನಿಗೂ ಅದೇ ಪಂಕ್ತಿ; ಕುಡಿತಕ್ಕೆ ಎಡೆಯಿಲ್ಲ; ಬಡವನ ಮದುವೆಗೂ ಸ್ಥಿತಿವಂತನ ಮದುವೆಗೂ ಬಾಡಿಗೆ ಒಂದೇ, ಸಾವಿನ ಮನೆಯವರಿಗೆ ಬಾಡಿಗೆಯೇ ಇಲ್ಲ.

ಹೆಬ್ಬೆಟ್ಟು ಒತ್ತುವಾಗ ಎರಡು ಮನೆಗಳವರು ಎದ್ದು ಹೋದರು. ಅವರು ಇನ್ನೂ ತಿರುಗಿ ಬಂದಿಲ್ಲ. ನಾವು ಅವರ ಮನೆಗೆ ಹೋಗಿ ಬರುತ್ತೇವೆ, ಹೋಗುವದನ್ನು ಬಿಡುವದಿಲ್ಲ.

ಪ್ರಿಯರೇ, ಈ ಪತ್ರಿಕೆಯಲ್ಲಿ ನಿಮ್ಮ ಹಣವನ್ನು ಬೇಡುವದಕ್ಕೆ ನಾವು ಬರೆಯಲಿಲ್ಲ. ನಮ್ಮ ಭವನವು ಇಂದಿಗೆ ಅಸ್ತಿವಾರದ ಮಟ್ಟಕ್ಕೆ ಬಂದು ನಿಂತಿದೆ. ಪೆಟ್ಟಿಗೆಯಲ್ಲಿ ಇದ್ದದ್ದು ಮುಗಿಯಿತು. ಮತ್ತೆ ತುಂಬಿದ ಮೇಲೆ ಗೋಡೆ ಏಳುವದು. ಸಾಲ ಮಾಡುವದಿಲ್ಲವೆಂದು ನಿಶ್ಚಯಿಸಿದ್ದೇವೆ. ದಾರಿಹೋಕರು ನೋಡಿ, “ಏನ್ರಿ, ನಿಮ್ಮ ಮನಿ ನೆಲದಾಗ ಐತಲ್ಲ?” ಎಂದು ನಗುವದುಂಟು. ನಗಲಿ. ನೆಲದೊಳಗೆ ಇರುವದೇ ಅದರ ಬಲವು. ಹುಣಸೇಮರದ ಕೆಳಗಿನ ಮಕ್ಕಳು ಈಗ ಆ ಅಸ್ತಿವಾರದ ಕಲ್ಲುಗಳ ಮೇಲೆ ಕೂತು ಪಾಠ ಕಲಿಯುತ್ತಾರೆ. ಮಳೆ ಬಂದರೆ ಇಂದಿಗೂ ಮನೆಗೆ ಓಡುತ್ತಾರೆ. ಇದನ್ನು ನೋಡುವಾಗ ನಮ್ಮ ಕೈ ತಾನೇ ಪೆಟ್ಟಿಗೆಯ ಕಡೆಗೆ ಹೋಗುವದು.

ನಾವು ನಿಮ್ಮನ್ನು ಬೇಡಿಕೊಳ್ಳುವದೇನಂದರೆ, ನಿಮ್ಮ ಊರಿನ ಹಳೆಯ ಆಲಯದ ಮಗ್ಗುಲಲ್ಲಿ ಏನನ್ನಾದರೂ ಕಟ್ಟುವದಕ್ಕೆ ಮನಸ್ಸು ಮಾಡಿದ್ದರೆ, ಕಲ್ಲು ತರುವ ಮೊದಲು ಪೆಟ್ಟಿಗೆಯನ್ನು ತನ್ನಿರಿ. ಅದರ ಮುಚ್ಚಳದಲ್ಲಿ ತೂತಿರಲಿ, ಹೆಸರಿಗೆ ಸ್ಥಳವಿಲ್ಲದಿರಲಿ. ಅದಕ್ಕೆ ಇಬ್ಬರ ಕೀಲಿಕೈ ಇರಲಿ. ಹಳೆಯ ಲೆಕ್ಕವೇನಾದರೂ ಉಳಿದಿದ್ದರೆ ಅದನ್ನು ಮೊದಲು ಓದಿಹೇಳಿರಿ. ಲೆಕ್ಕ ಕೇಳುವ ವಿಧವೆಯನ್ನು ಗದರಿಸಬೇಡಿರಿ. ಕರ್ತನು ಆಕೆಯ ಬಾಯಿಂದ ನಿಮ್ಮ ಸಂಗಡ ಮಾತಾಡಿದ್ದಾನು.

ಪ್ರಾರ್ಥನೆ ಮಾಡೋಣ. ಪರಲೋಕದಲ್ಲಿರುವ ನಮ್ಮ ತಂದೆಯೇ, ನಮ್ಮ ಹಿರಿಯರಿಗೆ ಈ ಮನೆಯನ್ನು ಕೊಟ್ಟದಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ಕೊಡುವದಕ್ಕೆ ನಮಗೂ ಒಂದು ಕಾಲವನ್ನು ಕೊಟ್ಟದಕ್ಕಾಗಿ ನಿನ್ನನ್ನು ಸ್ತುತಿಸುತ್ತೇವೆ. ಕೈಯಲ್ಲಿ ದ್ರವ್ಯವಿರುವವರಿಗೆ ಭಯವನ್ನೂ, ಕೊಡುವವರಿಗೆ ಸಂತೋಷವನ್ನೂ, ಎದ್ದು ಹೋದವರಿಗೆ ತಿರುಗಿ ಬರುವ ದಾರಿಯನ್ನೂ ದಯಪಾಲಿಸು. ನಮ್ಮೊಳಗಿನ ಎರೆಮಣ್ಣನ್ನು ಗಟ್ಟಿ ನೆಲ ಸಿಗುವ ತನಕ ತೋಡು. ಆ ಮೇಲೆ ನೀನೇ ಕಟ್ಟು. ನಿನ್ನ ಮಗನಾದ ಯೇಸು ಕ್ರಿಸ್ತನ ಮುಖಾಂತರ ಬೇಡುತ್ತೇವೆ. ಆಮೆನ್.